ಅಮಾವಾಸ್ಯೆ ದಿನ ಗಿರಣಿ ನಿಲ್ಲುತ್ತಿತ್ತು

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಕರೆದರೆ ಪ್ರಯೋಜನವೂ ಇರಲಿಲ್ಲ. ಅಜ್ಜಂಪುರದ ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಅಪ್ಪನ ಹಿಟ್ಟಿನ ಗಿರಣಿ, ಅದರ ಬೆನ್ನಿಗೆ ಅಂಟಿಕೊಂಡು ನಾವು. ರಾಗಿಗೊಂದು ಕಲ್ಲು, ಮೆಣಸಿನಕಾಯಿಗೊಂದು ಯಂತ್ರ. ಎರಡೂ ಒಟ್ಟಿಗೆ ತಿರುಗಿದರೆ ಅಡುಗೆಮನೆಯ ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ತಾವಾಗಿಯೇ ಅಂಚಿಗೆ ಸರಿದು ಬರುತ್ತಿದ್ದವು. ಅಪ್ಪ ಗಿರಣಿಯ ಗೋಡೆಗೆ ಒಂದು ಸ್ವಿಚ್ ಹಾಕಿಸಿ ಅದರ ತಂತಿಯನ್ನು ಅಡುಗೆಮನೆಯ ಬಲ್ಬಿಗೆ ಕೊಡಿಸಿದ್ದ. ಬಲ್ಬು ಒಮ್ಮೆ ಹತ್ತಿ ಆರಿದರೆ ಟೀ, ಎರಡು ಸಲಕ್ಕೆ ಊಟ, ಬಿಡದೆ ಮಿಣುಕಿದರೆ ಯಾರಾದರೂ ಓಡಿಬನ್ನಿ ಅಂತ. ನಡುಮನೆಯಲ್ಲಿ ಹಿಂದೆ ರಾಗಿ ತುಂಬಿಡುತ್ತಿದ್ದ ನೆಲದಡಿಯ ಹಗೇವು ಇತ್ತು. ಅದರ ಬಾಯಿಗೆ ಹಲಗೆ ಮುಚ್ಚಿತ್ತು. ಅದರ ಮೇಲೆ ಹಿಮ್ಮಡಿಯಿಂದ ಒಂದು ಒದೆ ಕೊಟ್ಟರೆ ಇಡೀ ಮನೆಯ ನೆಲ ನಡುಗುತ್ತಿತ್ತು, ಎಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಮಿಕ್ಕದ್ದೆಲ್ಲ ಕೈಸನ್ನೆ. ಸಾರಿಗೆ ಉಪ್ಪು ಸಾಲದು ಅನ್ನುವುದಕ್ಕೂ ನಮ್ಮಲ್ಲಿ ಒಂದು ಸನ್ನೆಯಿತ್ತು, ನೆಂಟರು ಇನ್ನೂ ಹೊರಟಿಲ್ಲ ಅನ್ನುವುದಕ್ಕೂ ಇತ್ತು.

ಇಂಥ ಮನೆಯಲ್ಲಿ ಕಿವಿ ಮಂದವಾದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಅದಕ್ಕೆ ನಾವು 'ಗಿರಣಿ ಕಿವಿ' ಅನ್ನುತ್ತಿದ್ದೆವು. ಅಪ್ಪನ ತಾಯಿ, ನಮ್ಮಜ್ಜಿಗೆ ಪೂರ್ತಿ ಗಿರಣಿ ಕಿವಿ. ಅಪ್ಪನಿಗೆ ಅರ್ಧ. ತರೀಕೆರೆಗೆ ಮದುವೆಯಾಗಿ ಹೋದ ಸೋದರತ್ತೆಗೂ ವಯಸ್ಸಾಗುವ ಮೊದಲೇ ಅದು ಬಂದಿತ್ತು. ಗಿರಣಿ ಬಿಟ್ಟು ಹೋದವಳಿಗೂ ಯಾಕೆ ಬಂತು ಎಂದು ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕೇಳಿದ್ದೆ. ಹುಟ್ಟಿದ್ದು ಇಲ್ಲೇ ಅಲ್ಲವೇನೇ ಅಂದಿದ್ದ ಅಪ್ಪ. ಚರ್ಚಾಸ್ಪರ್ಧೆಯಲ್ಲಾದರೆ ಇಂಥ ಉತ್ತರವನ್ನು ಚಿಂದಿ ಮಾಡುತ್ತಿದ್ದೆ. ಮನೆಯಲ್ಲಿ ಒಪ್ಪಿಕೊಂಡು ಊಟಕ್ಕೆ ಕೂತೆ. ಒಂದು ಕಾರಣ ಕೈಗೆ ಸಿಕ್ಕಿದ ಮೇಲೆ ಜನ ಇನ್ನೊಂದನ್ನು ಹುಡುಕುವುದಿಲ್ಲ. ನಮ್ಮ ಕಾರಣವಂತೂ ಬೆಳಗಿನಿಂದ ಸಂಜೆಯವರೆಗೆ ಮುಂದಿನ ಕೋಣೆಯಲ್ಲಿ ಗುಡುಗುತ್ತಲೇ ಇತ್ತು.

ಅಮ್ಮ ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡಿದ್ದಳು. ಆಮೇಲೆ ಕೆಲವು ವರ್ಷ ಅಡುಗೆಮನೆ ಅಜ್ಜಿಯದು, ಅಣ್ಣನ ಮದುವೆಯ ನಂತರ ಅತ್ತಿಗೆಯದು. ಅತ್ತಿಗೆ ಬೇರೆ ಯಾರೂ ಅಲ್ಲ, ತರೀಕೆರೆ ಅತ್ತೆಯ ಮಗಳು ರೂಪ. ಸಂಬಂಧ ಹೊರಗೆ ಹೋಗಬಾರದು ಎಂದು ಹಿರಿಯರು ಮೊದಲೇ ಮಾತಾಡಿಕೊಂಡಿದ್ದರು. ನನಗಂತೂ ಖುಷಿಯೇ ಆಗಿತ್ತು. ಆ ಮನೆಯಲ್ಲಿ ನನ್ನ ವಾದವನ್ನು ಪೂರ್ತಿ ಕೇಳುತ್ತಿದ್ದವಳು ಅವಳೊಬ್ಬಳೇ. ಅಣ್ಣ ಮಧ್ಯದಲ್ಲೇ ಎದ್ದು ಹೋಗುತ್ತಿದ್ದ, ಅಪ್ಪ ಕಣ್ಣು ಮುಚ್ಚುತ್ತಿದ್ದ. ಅತ್ತಿಗೆ ಮಾತ್ರ ಸೊಪ್ಪು ಬಿಡಿಸುವ ಕೈ ನಿಲ್ಲಿಸಿ, ನನ್ನ ಮುಖದಿಂದ ದೃಷ್ಟಿ ಕದಲಿಸದೆ ಕೂತಿರುತ್ತಿದ್ದಳು. ಇಷ್ಟು ಶ್ರದ್ಧೆಯಿಂದ ಕೇಳುವವರು ತೀರ್ಪುಗಾರರಲ್ಲೂ ಇಲ್ಲ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ.

ಡಿಗ್ರಿಗೆ ರೈಲಿನಲ್ಲಿ ಕಡೂರಿಗೆ ಹೋಗಿಬರುತ್ತಿದ್ದೆ. ತೆಗೆದುಕೊಂಡ ವಿಷಯಗಳಲ್ಲಿ ಒಂದು ಮಕ್ಕಳ ಬೆಳವಣಿಗೆ ಮತ್ತು ಕುಟುಂಬ ಸಂಬಂಧ. ಅದನ್ನು ಕೇಳಿ ಅಣ್ಣ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡ.

"ಮಕ್ಳು ಬೆಳೆಯೋಕೂ ಕಾಲೇಜು ಬೇಕೇನೇ ಲಾಯರಮ್ಮ? ನಾವೆಲ್ಲ ಹಂಗೇ ಬೆಳೀಲಿಲ್ವಾ?"

"ನೀನು ಬೆಳೆದಿದ್ದೀಯ ಅಂತ ಯಾರು ಹೇಳಿದ್ರು?"

ನಿಜ ಹೇಳಬೇಕೆಂದರೆ ನನಗೂ ಆ ವಿಷಯದ ಮೇಲೆ ನಂಬಿಕೆಯಿರಲಿಲ್ಲ. ಇಂಥ ತಿಂಗಳಿಗೆ ಕೂರಬೇಕು, ಇಂಥ ತಿಂಗಳಿಗೆ ನಿಲ್ಲಬೇಕು, ಇಷ್ಟರೊಳಗೆ ಮಾತು ಬರಬೇಕು. ಮಗುವೇನು ಪ್ಯಾಸೆಂಜರ್ ರೈಲೇ, ವೇಳಾಪಟ್ಟಿ ಹಾಕಿಡಲಿಕ್ಕೆ? ಮನೆಮನೆಗೆ ಪದ್ಧತಿ ಬೇರೆ, ಆದ್ದರಿಂದ ಮಕ್ಕಳೂ ಬೇರೆ ಎಂದು ಮೇಡಂ ಜೊತೆ ತರಗತಿಯಲ್ಲೇ ಜಗಳಕ್ಕಿಳಿದೆ. ಅವರು ಸಣ್ಣ ದನಿಯ ಹೆಂಗಸು. ಅವರ ಮಾತು ಕೇಳಲೆಂದೇ ನಾನು ಮೊದಲ ಬೆಂಚಿನಲ್ಲಿ ಕೂರುತ್ತಿದ್ದೆ. ನನ್ನ ವಾದವೆಲ್ಲ ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ:

"ನಿಮ್ಮನೇಲಿ ಮಗು ಇದೆಯಲ್ಲ, ಅದನ್ನ ನೋಡು. ಅರ್ಥ ಹೇಳಬೇಡ, ವಾದ ಮಾಡಬೇಡ. ಕಂಡಿದ್ದಷ್ಟನ್ನ ಬಂದು ಹೇಳು."

ನಮ್ಮ ಮನೆಯ ಮಗು ಎಂದರೆ ಅಣ್ಣನ ಮಗಳು ಆದ್ಯ. ಆಗ ಮೊದಲ ಹುಟ್ಟುಹಬ್ಬ ಕಳೆದಿತ್ತು. ಬೀದಿಯಲ್ಲಿ ಅವಳಷ್ಟು ಒಳ್ಳೆಯ ಮಗು ಇನ್ನೊಂದಿಲ್ಲ ಎಂದು ಹೆಸರಾಗಿತ್ತು. ಮೆಣಸಿನಕಾಯಿ ಯಂತ್ರ ಅಬ್ಬರಿಸುತ್ತಿದ್ದರೂ ಗೋಡೆಯ ಈಚೆ ತೊಟ್ಟಿಲಲ್ಲಿ ಮಿಸುಕದೆ ಮಲಗಿರುತ್ತಿದ್ದಳು. ರಾಗಿ ಬೀಸಿಸಲು ಬಂದ ಹೆಂಗಸರು ಇಣುಕಿ ನೋಡಿ, ನಮ್ಮನೇಲೊಂದೈತೆ, ಪಾತ್ರೆ ಮುಟ್ಟಿದ್ರೆ ಎದ್ದು ಕೂರ್ತದೆ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಅಜ್ಜಿ ಮಗುವಿಗೆ ದೃಷ್ಟಿ ತೆಗೆಯುತ್ತಿದ್ದಳು. ನಾನು ಮೇಡಂ ಹೇಳಿದ ಹಾಗೆ ನೋಡಿದೆ, ನೋಡಿದ್ದನ್ನು ತರಗತಿಯ ಮುಂದೆ ನಿಂತು ಹೇಳಿದೆ. ಮಗು ಚುರುಕಾಗಿದೆ, ಬಲ್ಬು ಹತ್ತಿದರೆ ತಲೆಯೆತ್ತುತ್ತದೆ, ಹಲಗೆ ಒದ್ದರೆ ತಿರುಗುತ್ತದೆ, ಕೈಸನ್ನೆ ನಮಗಿಂತ ಚೆನ್ನಾಗಿ ಕಲಿತಿದೆ.

"ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದ್ರೆ ತಿರುಗ್ತಾಳಾ?" ಎಂದರು ಮೇಡಂ.

"ನಮ್ಮನೇಲಿ ಯಾರೂ ಹೆಸರು ಹಿಡಿದು ಕರೆಯಲ್ಲ ಮೇಡಂ."

ತರಗತಿ ನಕ್ಕಿತು. ನಾನೂ ನಕ್ಕೆ. ಮೇಡಂ ನಗಲಿಲ್ಲ.

"ಬಾಯಲ್ಲಿ ಏನಾದ್ರೂ ಅಂತಾಳಾ? ಅಪ್ಪಪ್ಪ, ತತ್ತತ್ತ, ಹಿಂಗೆ?"

"ಮುಂಚೆ ಏನೋ ಗುನುಗ್ತಿದ್ಲು. ಈಗ ಕಡಿಮೆ."

ಅವರು ನನ್ನನ್ನು ಕೂರಲು ಹೇಳಿದರು. ಗಂಟೆ ಹೊಡೆದ ಮೇಲೆ ಕಾರಿಡಾರಿಗೆ ಕರೆದುಕೊಂಡು ಹೋಗಿ, ಮಷೀನ್ ನಿಂತಿರುವಾಗ ಒಂದು ಸಲ ನೋಡು, ಸಂಶಯ ಬಂದರೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ಕಿವಿ ಪರೀಕ್ಷೆ ಮಾಡುವ ಜಾಗದ ಹೆಸರನ್ನೂ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಇದರಲ್ಲಿ ನೀನು ಗೆಲ್ಲಬೇಕಾಗಿಲ್ಲ. ಬೇಗ ಹೋಗಬೇಕು ಅಷ್ಟೇ. ಮಾತು ಕಲಿಯೋ ವಯಸ್ಸು ದಾಟಿಹೋದ್ರೆ ಮತ್ತೆ ಬರಲ್ಲ."

ಅಂದು ಸಂಜೆ ಬೀರೂರು ದಾಟಿದ ಮೇಲೆ ರೈಲಿನ ಕಿಟಕಿಯಲ್ಲಿ ಬಯಲು ಕಪ್ಪಾಗುತ್ತಾ ಬಂತು. ನಾನು ಮೇಡಂ ಮಾತಿಗೆ ಎದುರುವಾದ ಹೊಂದಿಸುತ್ತಾ ಕೂತಿದ್ದೆ. ನಮ್ಮ ಮನೆಯ ರೀತಿಯೇ ಬೇರೆ. ಆ ಗದ್ದಲದಲ್ಲಿ ಯಾವ ಮಗು ತಾನೇ ಶಬ್ದಕ್ಕೆ ತಿರುಗೀತು? ವಾದ ಚೆನ್ನಾಗಿಯೇ ಇತ್ತು, ಎಲ್ಲೂ ಬಿರುಕಿರಲಿಲ್ಲ. ನನ್ನ ಅನುಭವದಲ್ಲಿ ಬಿರುಕಿಲ್ಲದ ವಾದವನ್ನು ಕಂಡರೆ ಮೊದಲು ಹೆದರಬೇಕು. ಮನೆಗೆ ಬಂದು ತೊಟ್ಟಿಲ ಹಿಂದೆ ನಿಂತು ಆದ್ಯ ಎಂದು ಕರೆದೆ. ನನ್ನ ದನಿ ನನಗೇ ಕೇಳಲಿಲ್ಲ. ಗಿರಣಿಯಲ್ಲಿ ಯಾರದೋ ಮದುವೆಯ ಖಾರದಪುಡಿ ಆಗುತ್ತಿತ್ತು. ಅಮಾವಾಸ್ಯೆಗೆ ಕಾಯಬೇಕಾಯಿತು.

ಅಮಾವಾಸ್ಯೆ ದಿನ ಅಪ್ಪ ಗಿರಣಿ ಓಡಿಸುತ್ತಿರಲಿಲ್ಲ. ಬೆಲ್ಟು ಬಿಚ್ಚಿ, ಯಂತ್ರ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು ಇಡುತ್ತಿದ್ದ. ಬೇರೆಯವರಿಗೆ ಹಬ್ಬದಂಥ ದಿನ, ನನಗೆ ಚಿಕ್ಕಂದಿನಿಂದ ಆ ದಿನವೆಂದರೆ ಆಗುತ್ತಿರಲಿಲ್ಲ. ಗದ್ದಲ ನಿಂತ ಮನೆ ಯಾರೋ ಉಸಿರು ಹಿಡಿದುಕೊಂಡ ಹಾಗಿರುತ್ತಿತ್ತು. ಆ ದಿನವೂ ಯಾರೂ ಮಾತಾಡುತ್ತಿರಲಿಲ್ಲ. ಅಭ್ಯಾಸಬಲದಿಂದ ಸನ್ನೆಯಲ್ಲೇ ಲೋಟ ಕೇಳುತ್ತಿದ್ದರು, ಸನ್ನೆಯಲ್ಲೇ ಬೈಯುತ್ತಿದ್ದರು. ಹಿತ್ತಿಲಲ್ಲಿ ನಲ್ಲಿ ತೊಟ್ಟಿಕ್ಕುವುದು ಒಳಗಿನವರೆಗೂ ಕೇಳುತ್ತಿತ್ತು.

ನಡುಮನೆಯಲ್ಲಿ ಆದ್ಯ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಹರವಿಕೊಂಡು ಕೂತಿದ್ದಳು. ಅವಳೆದುರು ಅತ್ತಿಗೆ ಹಬ್ಬದ ಅವರೆಕಾಳು ಸುಲಿಯುತ್ತಿದ್ದಳು. ನಾನು ಎದುರಾಳಿಗಳ ಆಕ್ಷೇಪಣೆಗಳಿಗೆಲ್ಲ ಮೊದಲೇ ದಾರಿ ಮುಚ್ಚಿಕೊಂಡು ಹೊರಟೆ. ನೆಲ ಅದುರಬಾರದೆಂದು ಗೋಣಿಚೀಲ ಮಡಿಸಿ ಅದರ ಮೇಲೆ ನಿಂತೆ. ನೆರಳು ಬೀಳಬಾರದೆಂದು ಬಾಗಿಲಿನ ಬೆಳಕಿನಿಂದ ಪಕ್ಕಕ್ಕೆ ಸರಿದೆ. ನನ್ನ ಕೈಯಲ್ಲಿ ಊಟದ ತಟ್ಟೆ ಮತ್ತು ಸೌಟು. ಮಗುವಿನ ಬೆನ್ನ ಹಿಂದೆ ಒಂದು ಮಾರಿನಷ್ಟು ದೂರದಿಂದ ಬಾರಿಸಿದೆ. ಬೀದಿಯಲ್ಲಿ ನಾಯಿ ಬೊಗಳಿತು. ಗಿರಣಿಯ ಕೋಣೆಯಿಂದ ಅಣ್ಣ, ಏನ್ ಬಿತ್ತೇ ಅಂದ. ಆದ್ಯ ಒಂದು ಹಸಿರು ಕ್ಲಿಪ್ಪನ್ನು ಬಾಯಿಗಿಟ್ಟು ರುಚಿ ನೋಡಿ, ಕೆಳಗಿಟ್ಟು, ಇನ್ನೊಂದು ಎತ್ತಿಕೊಂಡಳು. ಇನ್ನೂ ಹತ್ತಿರ ಬಂದು, ಕಿವಿಯ ಹಿಂದೆಯೇ ಬಾರಿಸಿದೆ. ಅವಳ ಕೂದಲಿನ ಒಂದು ಎಳೆ ಗಾಳಿಗೆ ಅಲುಗಿತು. ಅವಳು ಅಲುಗಲಿಲ್ಲ.

ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ಸುಲಿಯುವ ಕೈ ನಿಂತಿತ್ತು.

"ಸಾಕು," ಎಂದಳು. "ತಟ್ಟೆ ಒಳಗಿಡು."

"ಅತ್ತಿಗೆ, ಇದು…"

"ನಂಗೊತ್ತು ಕಣೇ."

ತೊಟ್ಟಿಲು ಶಾಸ್ತ್ರದ ಹೊತ್ತಿಗೇ ಅವಳಿಗೆ ಗೊತ್ತಾಗಿತ್ತಂತೆ. ತರೀಕೆರೆಯಲ್ಲಿ ಬಾಣಂತನ, ಪಕ್ಕದ ಮನೆಯವರು ಸರಪಟಾಕಿ ಹಚ್ಚಿದಾಗ ಇವಳ ಮಗು ಮಾತ್ರ ಬೆಚ್ಚಲಿಲ್ಲ. ಅತ್ತೆ ಇವಳ ಕೈ ಹಿಡಿದು, ಇಲ್ಲಿ ಹೇಳ್ಬೇಡ, ಅಲ್ಲಿಗೆ ಹೋಗು, ಗಿರಣಿ ಮನೇಲಿ ಯಾರಿಗೂ ತಿಳಿಯಲ್ಲ ಅಂದಿದ್ದಳಂತೆ. ಹಾಗಾಗಿ ಬಾಣಂತನ ಮುಗಿಯುವ ಮೊದಲೇ ಅಜ್ಜಂಪುರಕ್ಕೆ ಬಂದಿದ್ದಳು. ಬಲ್ಬಿಗೆ ತಲೆಯೆತ್ತುವುದನ್ನು, ಹಲಗೆಗೆ ತಿರುಗುವುದನ್ನು ಮಗುವಿಗೆ ಅವಳೇ ಕೂರಿಸಿಕೊಂಡು ಕಲಿಸಿದ್ದಳು.

"ಎಷ್ಟು ದಿನ ಅಂತ ಮುಚ್ಚಿಡ್ತೀಯ?"

"ಮುಚ್ಚಿಡ್ದೆ ಇನ್ನೇನ್ ಮಾಡ್ಲಿ? ಇಂಥ ಮಗೂನ ಹೆತ್ಕೊಂಡು ಬಂದೋಳು ನಾನೇ ಅಂತ ಆಗಲ್ವಾ? ನೀನು ಓದಿದೋಳು, ನಿಂಗೆ ಹೇಳೋಕೆ ಸುಲಭ."

"ಈಗ ಹೋದ್ರೆ ಮಾತು ಬರ್ತದಂತೆ. ಕಾಯ್ತಾ ಕೂತ್ರೆ ಇಲ್ಲ."

ಅವಳು ಸೆರಗಿನಿಂದ ಮಗುವಿನ ಬಾಯಿಯ ಜೊಲ್ಲು ಒರೆಸಿದಳು. ಆಮೇಲೆ, ನಿಮ್ಮಪ್ಪಂಗೆ ನೀನೇ ಹೇಳು, ವಾದ ಮಾಡೋಳು ನೀನಲ್ವಾ ಅಂದಳು.

ಹೋಳಿಗೆ ಊಟಕ್ಕೆ ಕೂತಾಗ ಹೇಳಿದೆ. ಗಿರಣಿ ನಿಂತಿದ್ದರಿಂದ ನನ್ನ ಪ್ರತಿಯೊಂದು ಮಾತೂ ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ಅಜ್ಜಿ ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡುತ್ತಾ ಕೂತಿದ್ದಳು. ಅಣ್ಣ ತಟ್ಟೆಯಿಂದ ತಲೆಯೆತ್ತಲಿಲ್ಲ.

"ನೀನು ಮೂರು ವರ್ಷಕ್ಕೆ ಬಾಯಿ ಬಿಟ್ಟಿದ್ದು," ಅಂದ ಅಪ್ಪ. "ಈಗ ಮುಚ್ಚೋರಿಲ್ಲ."

"ಅಪ್ಪ, ಇದು ತಮಾಷೆ ಅಲ್ಲ. ಅವಳಿಗೆ ಕೇಳಿಸ್ತಿಲ್ಲ."

"ಗಿರಣಿ ಪಕ್ಕ ಮಲಗ್ಸಿದ್ದೀವಲ್ಲ, ಅದಕ್ಕೆ. ನನ್ನ ಗಿರಣಿ ನನ್ನ ಮೊಮ್ಮಗಳ ಕಿವಿ ತಿಂತು ಅಂತ ಹೇಳೋಕ್ ಬಂದಿದ್ದೀಯ?"

ಅವನ ತುತ್ತು ಕೈಯಲ್ಲೇ ಉಳಿದಿತ್ತು. ತನ್ನ ಗಿರಣಿಯೇ ಮನೆಯವರ ಕಿವಿ ತಿನ್ನುತ್ತಿದೆ ಎಂಬ ಯೋಚನೆಯನ್ನು ಇಷ್ಟು ವರ್ಷ ಅವನೊಬ್ಬನೇ ಹೊತ್ತುಕೊಂಡು ತಿರುಗಿದ್ದಾನೆ ಎಂದು ನನಗೆ ಹೊಳೆಯಿತು. ಅದನ್ನು ಇಳಿಸಬಹುದು ಎಂದುಕೊಂಡೇ ನಾನು ಮುಂದುವರಿದೆ.

"ಗಿರಣಿ ಅಲ್ಲಪ್ಪ. ಅವಳು ಇಲ್ಲಿಗೆ ಬರೋಕ್ ಮುಂಚೇನೇ ಕೇಳ್ತಿರಲಿಲ್ಲ. ಅತ್ತೆ ಈ ಮನೆ ಬಿಟ್ಟು ಎಷ್ಟು ವರ್ಷ ಆಯ್ತು? ಅವಳಿಗೆ ಯಾಕೆ ಕಿವಿ ಹೋಯ್ತು? ಗಿರಣೀಲಿ ದಿನಾ ಅಣ್ಣನೇ ಅಲ್ವಾ ನಿಂತಿರೋದು? ಅವನಿಗೆ ಚೆನ್ನಾಗೇ ಕೇಳ್ತದೆ. ಶಬ್ದದಿಂದ ಅಲ್ಲ, ಇದು…"

"ಇದು?"

ವಾದದ ಕೊನೆಯ ಮೆಟ್ಟಿಲು ನನಗೂ ಆಗಲೇ ಕಂಡಿದ್ದು. ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ.

"ನಮ್ಮ ರಕ್ತದ್ದು ಇರ್ಬೇಕು."

ಅಪ್ಪ ಎಡಗೈಯಿಂದ ನೀರಿನ ಚೊಂಬು ಎತ್ತಿ ತಟ್ಟೆಯಲ್ಲೇ ಕೈ ತೊಳೆದ. ಅರ್ಧ ಊಟಕ್ಕೆ ಅವನು ಹಾಗೆ ಮಾಡಿದ್ದನ್ನು ನಾನು ಅಮ್ಮ ಸತ್ತ ದಿನ ಬಿಟ್ಟರೆ ಬೇರೆ ನೋಡಿರಲಿಲ್ಲ.

"ಈ ಮಾತು ಈ ಹೊಸಿಲು ದಾಟಬಾರದು. ದಾಟಿದ್ರೆ ನಿನ್ನ ಯಾರೂ ಮಾಡ್ಕೊಳಲ್ಲ, ಆ ಮಗೂನೂ ಯಾರೂ ಮಾಡ್ಕೊಳಲ್ಲ. ಶಿವಮೊಗ್ಗ ಗಿವಮೊಗ್ಗ ಏನೂ ಬೇಡ."

ತೀರ್ಪುಗಾರರಿದ್ದಿದ್ದರೆ ಗೆಲುವು ನನ್ನದೇ. ಎಂಜಲು ಒರೆಸುತ್ತಿದ್ದ ಅತ್ತಿಗೆಯನ್ನು ನೋಡಿದೆ. ಅವಳು ಅಣ್ಣನನ್ನು ನೋಡುತ್ತಿದ್ದಳು. ಅಣ್ಣ ಹೋಗಿ ಬಿಚ್ಚಿದ್ದ ಬೆಲ್ಟಿಗೆ ಮೇಣ ಹಚ್ಚುತ್ತಾ ಕೂತ.

ಮರುದಿನ ಬೆಳಗ್ಗೆ ಗಿರಣಿ ಎಂದಿನಂತೆ ಶುರುವಾಯಿತು. ನಾನು ಕಾಲೇಜಿಗೆ ಹೊರಟು ಬ್ಯಾಗು ಹೆಗಲಿಗೇರಿಸುವಾಗ ಅತ್ತಿಗೆ ಹೊರಗಿನ ಸೀರೆ ಉಟ್ಟು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಹಿತ್ತಿಲ ಬಾಗಿಲಿತ್ತು, ಅವಳು ಅದರ ಕಡೆ ನೋಡಲೂ ಇಲ್ಲ. ಗಿರಣಿಯೊಳಗಿನಿಂದಲೇ, ಸಾಲುನಿಂತ ಹೆಂಗಸರ ನಡುವೆ, ಅಪ್ಪನ ಮುಂದೆಯೇ ಹಾದು ಬೀದಿಗೆ ಇಳಿದಳು. ನಾನು ಹಿಂದೆ ಓಡಿದೆ. ಅಪ್ಪ ಏನೋ ಅಂದದ್ದು ಬಾಯಿಯಲ್ಲಿ ಕಂಡಿತು, ಕೇಳಲಿಲ್ಲ. ಅವನ ಕೈ ಗೋಡೆಯ ಸ್ವಿಚ್ಚಿಗೆ ಹೋಯಿತು. ತೆರೆದ ಬಾಗಿಲುಗಳ ಸಾಲಿನಲ್ಲಿ ಆ ತುದಿಗೆ, ಯಾರೂ ಇಲ್ಲದ ಅಡುಗೆಮನೆಯಲ್ಲಿ ಬಲ್ಬು ಬಿಡದೆ ಮಿಣುಕತೊಡಗಿತು. ಸೊಂಟದ ಮೇಲಿನಿಂದ ಆದ್ಯ ಕತ್ತು ತಿರುಗಿಸಿ ಅದನ್ನೇ ನೋಡಿದಳು. ಅತ್ತಿಗೆ ನಿಲ್ಲಲಿಲ್ಲ.

ಶಿವಮೊಗ್ಗದ ಬಸ್ಸು ತರೀಕೆರೆಯಲ್ಲಿ ನಿಂತಾಗ ಅವಳ ತವರುಮನೆ ನಡೆದು ಹೋಗುವಷ್ಟು ದೂರದಲ್ಲಿತ್ತು. ಅತ್ತೆಗೆ ಒಂದು ಫೋನಾದರೂ ಮಾಡೋಣ ಅಂದೆ. ಬೇಡ ಎಂದು ತಲೆಯಾಡಿಸಿದಳು. ಕಿಟಕಿಯ ಕಡೆಗೆ ತಿರುಗಿ ಕೂತವಳು, ಆಮೇಲೆ ನಾನು ಕೇಳಿದ ಯಾವುದಕ್ಕೂ ಉತ್ತರ ಕೊಡಲಿಲ್ಲ. ಕೋಪ ಎಂದುಕೊಂಡೆ.

ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡುವ ಜಾಗದ ಒಳಗೆ ಇನ್ನೊಂದು ಸಣ್ಣ ಕೋಣೆಯಿತ್ತು. ಗೋಡೆಗೆಲ್ಲ ಮೆತ್ತೆ, ದಪ್ಪ ಬಾಗಿಲು, ಒಂದು ಗಾಜಿನ ಕಿಟಕಿ. ಅತ್ತಿಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಳಗಿದ್ದಳು. ಗಾಜಿನ ಈಚೆ, ಯಂತ್ರದ ಮುಂದೆ ಕೂತು ಪರೀಕ್ಷೆ ಮಾಡುತ್ತಿದ್ದಾಕೆ ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಶಬ್ದ ಕಳಿಸಿದರು, ಮಗು ನೋಡಲಿಲ್ಲ. ಏರಿಸಿದರು, ನೋಡಲಿಲ್ಲ. ನನ್ನ ಕಾಲಿನ ಕೆಳಗಿನ ನೆಲವೇ ಗುಂಯ್ ಎನ್ನುವಷ್ಟು ಏರಿಸಿದಾಗ ಆದ್ಯ ಆಡುತ್ತಿದ್ದ ಬೆರಳನ್ನು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಅತ್ತಿತ್ತ ಹುಡುಕಿದಳು. ಕೇಳುವ ಶಕ್ತಿ ಸ್ವಲ್ಪ ಉಳಿದಿದೆ ಎಂದರು ಆಕೆ. ಮಲಗಿಸಿ ಮಾಡುವ ಇನ್ನೊಂದು ಪರೀಕ್ಷೆ ಆಗಬೇಕು, ಕಿವಿಗೆ ಯಂತ್ರ ಹಾಕಬೇಕು, ಮಾತಿನ ಪಾಠ ಶುರುಮಾಡಬೇಕು. ತಡವಾಗಿಲ್ಲ, ಸರಿಯಾದ ಹೊತ್ತಿಗೇ ಬಂದಿರಿ. ನಾನು ಗೋಡೆಗೆ ಒರಗಿಕೊಂಡೆ.

ಆಕೆ ತಲೆ ತಗ್ಗಿಸಿ ಮೈಕಿನಲ್ಲಿ, ಅಮ್ಮಾ, ಮಗೂನ ಕರ್ಕೊಂಡು ಹೊರಗೆ ಬನ್ನಿ ಎಂದರು. ಅತ್ತಿಗೆ ಕೂತೇ ಇದ್ದಳು. ಮತ್ತೆ ಕರೆದರು. ಒಳಗಿನ ಸ್ಪೀಕರಿನಲ್ಲಿ ಆ ದನಿ ಹೊರಡುತ್ತಿದ್ದದ್ದು ದಪ್ಪ ಬಾಗಿಲು ದಾಟಿ ನನಗೂ ಸಣ್ಣಗೆ ಕೇಳುತ್ತಿತ್ತು. ಅತ್ತಿಗೆ ಮಗುವಿನ ಕಾಲ್ಗೆಜ್ಜೆ ಸರಿಮಾಡುತ್ತಾ ಕೂತಿದ್ದಳು. ಮೂರನೆಯ ಸಲ ಆಕೆ ತಲೆಯೆತ್ತಿ, ಗಾಜಿನಲ್ಲಿ ಮುಖ ಕಾಣುವಂತೆ ಹೇಳಿದರು. ಅತ್ತಿಗೆಯ ಕಣ್ಣು ಅವರ ತುಟಿಗೆ ಹೋಗಿ ನಿಂತಿತು. ತಕ್ಷಣ ಎದ್ದಳು. ಸೊಪ್ಪು ಬಿಡಿಸುವ ಕೈ ನಿಲ್ಲಿಸಿ ನನ್ನ ವಾದವನ್ನೆಲ್ಲ ಕೇಳುತ್ತಿದ್ದವಳ ಕಣ್ಣು ಅದೇ. ನಮ್ಮ ಮನೆಗೆ ಬಂದ ಮೇಲೆ ಅವಳಿಗೆ ಎಷ್ಟು ನೆಮ್ಮದಿಯಾಗಿದ್ದಿರಬೇಕು ಎಂದು ಯೋಚಿಸಿದೆ. ಅಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ.

"ಅವರಿಗೂ ಮಾಡಬೇಕು," ಎಂದರು ಆಕೆ. "ನೀವು ಅವರಿಗೆ ಏನಾಗಬೇಕು?"

"ನಾದಿನಿ."

"ಬರೀ ಮದುವೆಯಿಂದ ಆದ ಸಂಬಂಧನಾ?"

"ಅಲ್ಲ. ಅವಳು ನಮ್ಮ ಸೋದರತ್ತೆ ಮಗಳು. ನಮ್ಮಿಬ್ಬರಿಗೂ ಅಜ್ಜಿ ಒಬ್ಬಳೇ."

"ಅಜ್ಜಿಗೆ ಕೇಳಿಸುತ್ತಾ?"

"ಇಲ್ಲ."

"ನಿಮ್ಮ ತಂದೆಗೆ?"

"ಅವರದು ಗಿರಣಿ…" ಎಂದು ಶುರುಮಾಡಿದವಳು ಅಲ್ಲಿಗೇ ನಿಂತೆ.

ಆಕೆ ಒಂದು ಕ್ಷಣ ನನ್ನನ್ನು ನೋಡಿದರು.

"ಹಾಗಾದ್ರೆ ಮೊದಲು ನೀವೇ ಕೂತ್ಕೊಂಡ್ಬಿಡಿ. ಹೇಗೆ ಮಾಡ್ತೀವಿ ಅಂತ ಅವರಿಗೂ ತಿಳಿಯುತ್ತೆ."

ಕುರ್ಚಿಯಲ್ಲಿ ಅತ್ತಿಗೆಯ ಮೈಬಿಸಿ ಇನ್ನೂ ಇತ್ತು. ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟು, ಎಷ್ಟು ಸಣ್ಣ ಶಬ್ದ ಬಂದರೂ ಒತ್ತಿ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಅಷ್ಟು ನಿಶ್ಶಬ್ದದಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಗಾಜಿನ ಆಚೆ ಅತ್ತಿಗೆ ಮಗುವನ್ನು ಎತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಟನ್ನಿನ ಮೇಲೆ ಹೆಬ್ಬೆರಳಿಟ್ಟು ಕಾದೆ. ಆಕೆ ಯಂತ್ರದ ಗುಂಡಿ ತಿರುಗಿಸಿದರು. ಕತ್ತೆತ್ತಿ ನನ್ನ ಕಡೆ ನೋಡಿದರು. ಮತ್ತೆ ಸ್ವಲ್ಪ ತಿರುಗಿಸಿದರು. ನನ್ನ ಹೆಬ್ಬೆರಳು ಇನ್ನೂ ಕಾಯುತ್ತಲೇ ಇತ್ತು.